ಮೌನದ ದಿನ ಮಾತಾಡಿದ ಬೆರಳು

ನ್ಯೆಪಿ ಎಂಬ ಮೌನದ ದಿನ ಕಳೆದು ಮರುದಿನ ಬೆಳಗ್ಗೆ ಮಳೆ ಬರಲಿಲ್ಲ. ಬರುತ್ತೇನೆಂದು ಹೇಳಿ ಬೆಟ್ಟದ ಹೆಗಲ ಮೇಲೆ ಕೂತುಬಿಟ್ಟಿತ್ತು. ಹಿಂದಿನ ದಿನವೆಲ್ಲ ದ್ವೀಪದಲ್ಲಿ ಒಲೆ ಹೊತ್ತಿರಲಿಲ್ಲ, ಬೈಕು ಓಡಿರಲಿಲ್ಲ. ಗಾಳಿಯಲ್ಲಿ ಹೊಗೆಯ ಎಳೆಯೂ ಇರಲಿಲ್ಲ. ಗುನುಂಗ್ ಅಗುಂಗ್ ಬೆಟ್ಟದ ಬಾಯಂಚಿನ ಬಿರುಕು ಕೂಡ ನಮ್ಮ ಗುಡಿಯಂಗಳಕ್ಕೆ ಕಾಣುತ್ತಿತ್ತು. ಹುಲ್ಲು ಮಾಡಿನಿಂದ ಇಬ್ಬನಿ ತೊಟ್ಟಿಕ್ಕುವುದನ್ನು ಕೇಳುತ್ತಾ ನಾನು ಕಸ ಗುಡಿಸುತ್ತಿದ್ದೆ.

ಆಗ ನೆಟ್ ಬಂತು.

ಮೊದಲು ಎಲ್ಲೋ ಒಂದು ಮನೆಯಲ್ಲಿ ಟಿಣ್ ಎಂದಿತು. ಮರುಗಳಿಗೆ ಕೇರಿಯ ಫೋನುಗಳೆಲ್ಲ ಒಟ್ಟಿಗೆ ಎಚ್ಚೆತ್ತವು. ಒಂದು ಹಗಲು ಒಂದು ರಾತ್ರಿ ಬಾಯಿ ಕಟ್ಟಿಕೊಂಡಿದ್ದ ಊರು, ದೇವರ ಹೆಸರು ಹೇಳುವ ಮೊದಲು ಫೋನಿನಲ್ಲಿ ಬಾಯಿ ತೆರೆಯಿತು.

ಅಂಗಳದ ಅರ್ಧ ಗುಡಿಸುವಷ್ಟರಲ್ಲಿ ಪಾನ್ ತುಂಜುಂಗ್ ಬಂದು ಗುಡಿ ಬಾಗಿಲಲ್ಲಿ ನಿಂತ. ಪಾನ್ ತುಂಜುಂಗ್ ಅಂದರೆ ತುಂಜುಂಗಳ ಅಪ್ಪ, ನಮ್ಮ ಕೇರಿಯ ಕಾವಲು ಪಡೆಯ ಮುಖ್ಯಸ್ಥ. ರಾತ್ರಿಯಿಡೀ ಬೀದಿ ತಿರುಗಿದ ಕಣ್ಣು ಕೆಂಪಾಗಿತ್ತು. ಸೊಂಟದಲ್ಲಿ ಕಾವಲಿನವರ ಕಪ್ಪು-ಬಿಳುಪು ಚೌಕಳಿ ಬಟ್ಟೆ. ಆ ಚೌಕಳಿ ನಮ್ಮಲ್ಲಿ ಎಲ್ಲಿಲ್ಲ? ಕಲ್ಲಿಗೂ ಸುತ್ತುತ್ತೇವೆ, ಆಲದ ಮರಕ್ಕೂ ಸುತ್ತುತ್ತೇವೆ. ಆದರೆ ಅಂಚಿಗೆ ಕೆಂಪು ಪಟ್ಟಿ ಇರುವುದು ನಮ್ಮ ಕೇರಿಯ ಕಾವಲಿನವರದ್ದಕ್ಕೆ ಮಾತ್ರ. ಪಕ್ಕದ ಕೇರಿಯವರ ಬಟ್ಟೆಯೊಂದಿಗೆ ಅದಲುಬದಲಾಗಬಾರದೆಂದು ಅವನ ಹೆಂಡತಿಯೇ ಕೂತು ಹೊಲಿದದ್ದು.

"ಜೆರೊ," ಎಂದ. ಪೂಜಾರಿಗಳನ್ನು ನಮ್ಮಲ್ಲಿ ಕರೆಯುವುದೇ ಹಾಗೆ. "ಪೊರಕೆ ಕೆಳಗಿಡಿ. ಕನ್ನಡಕ ಹಾಕ್ಕೊಂಡು ಇದನ್ನ ನೋಡಿ."

ಫೋನಿನಲ್ಲಿ ಆ ಹಾಳು ಖಾತೆ. 'ಜಾರಿದ ಅಪ್ಸರೆ' ಎಂದು ಅದರ ಹೆಸರು. ಅದರಲ್ಲಿ ಹೊಸ ಸಾಲು ಬಂದಿತ್ತು: ಇವತ್ತು ಇಡೀ ದ್ವೀಪ ಶುದ್ಧ, ಒಬ್ಬಳನ್ನ ಬಿಟ್ಟು.

ಆ ಒಬ್ಬಳು ಸೆರುನಿ, ಹದಿನೈದರ ಹುಡುಗಿ. ಗುಡಿಯಂಗಳದಲ್ಲಿ ಕುಣಿತದ ಅಭ್ಯಾಸ ನಡೆದಾಗ ಅವಳ ಕಾಲು ಜಾರಿ ತಲೆಯ ಮುಕುಟ ನೆಲಕ್ಕೆ ಬಿದ್ದಿತ್ತು. ಗೆದೆ ಸುವೇತನೆಂಬ ಅವಳದೇ ವಯಸ್ಸಿನ ಹುಡುಗ ಅದನ್ನು ಫೋನಿನಲ್ಲಿ ಹಿಡಿದು, ಹಿಂದೆ ಮುಂದೆ ನೋಡದೆ ಎಲ್ಲರಿಗೂ ಕಾಣುವಂತೆ ಹಾಕಿದ. ಊಟಕ್ಕೆ ಕೂರುವ ಮೊದಲು ಮನಸ್ಸು ಚುಚ್ಚಿ ತೆಗೆದೂ ಹಾಕಿದ. ಅಷ್ಟರಲ್ಲಿ ಯಾರೋ ಅದನ್ನು ಎತ್ತಿಕೊಂಡು ಹೆಸರಿಲ್ಲದ ಖಾತೆ ತೆರೆದಿದ್ದರು. ಕಾಲಿಡಬಾರದ ದಿನ ಗುಡಿಯೊಳಗೆ ಕಾಲಿಟ್ಟಳು, ಅದಕ್ಕೇ ದೇವರು ಮುಕುಟ ಕಿತ್ತುಕೊಂಡ ಎಂದು ಬರೆದರು. ನಮ್ಮ ಹೆಣ್ಣುಮಕ್ಕಳ ಮೇಲೆ ಎಸೆಯಲು ಇದಕ್ಕಿಂತ ಕೆಟ್ಟ ಮಾತಿಲ್ಲ. ಆಮೇಲೆ ಸೆರುನಿಯ ಫೋನು ಮನೆಯಿಂದಲೇ ಕಾಣೆಯಾಯಿತು. ಅದರೊಳಗಿನ ಪಟಗಳು, ಒಬ್ಬಳೇ ಕೂತು ಅಳುತ್ತಾ ತೆಗೆದುಕೊಂಡವು ಕೂಡ, ಒಂದೊಂದಾಗಿ ಆ ಖಾತೆಯಲ್ಲಿ ಹೊರಬಿದ್ದವು. ಸೆರುನಿ ಶಾಲೆ ಬಿಟ್ಟಳು, ಕುಣಿತ ಬಿಟ್ಟಳು, ಈಚೆಗೆ ಅನ್ನವನ್ನೂ ಬಿಟ್ಟಿದ್ದಳು.

ಊರಿಗೆಲ್ಲ ಸುವೇತನ ಮೇಲೇ ಕಣ್ಣು. ಚಾವಡಿಯ ವೈಫೈಗೆ ಅಂಟಿಕೊಂಡು ಕೋಳಿ ಕೂಗುವವರೆಗೆ ಆಟವಾಡುವ ಹುಡುಗ. ಅವನ ಕಿವಿಗೆ ತಾಯಿಯ ಕೂಗು ಬೀಳುವುದಿಲ್ಲ, ತನ್ನ ಹೊಟ್ಟೆಯ ಕೂಗೂ ಬೀಳುವುದಿಲ್ಲ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಮೊದಲ ತುಣುಕು ಹಾಕಿದವನು ಉಳಿದದ್ದನ್ನು ಬಿಟ್ಟಾನೆಯೇ? ಆ ದಿನ ಇಳಿಹೊತ್ತಿಗೆ ಚಾವಡಿಯಲ್ಲಿ ತೂಗುಬಿಟ್ಟ ಟೊಳ್ಳು ಕೊರಡು ಬಾರಿಸಿ ಸಭೆ ಸೇರುವುದೆಂದೂ, ಅವನ ಹೆಸರನ್ನು ಕೇರಿಯಿಂದ ಹೊಡೆದು ಹಾಕುವುದೆಂದೂ ಮಾತಾಗಿತ್ತು. ಹೆಸರು ಹೋದವನ ಮದುವೆಗೆ ಕೇರಿಯ ಒಲೆ ಹೊತ್ತುವುದಿಲ್ಲ, ಸಾವಿಗೆ ಕೇರಿಯ ಹೆಗಲು ಬರುವುದಿಲ್ಲ. ಹದಿನೈದರ ಪೋರನಿಗೆ ಅದು ಅರ್ಥವಾಗಿತ್ತೋ ಇಲ್ಲವೋ. ಅವನ ಅಪ್ಪನಿಗೆ ಅರ್ಥವಾಗಿತ್ತು.

"ಓದಿದೆ," ಎಂದೆ. "ಹೊಸದೇನಿದೆ? ಅದೇ ವಿಷ."

"ವಿಷದ ಕೆಳಗೆ ನೋಡಿ. ಸಣ್ಣ ಅಕ್ಷರ."

ಸಣ್ಣ ಅಕ್ಷರದಲ್ಲಿ 'ನಿನ್ನೆ' ಎಂದಿತ್ತು.

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ನಿನ್ನೆ ಎಂದರೆ ಮೌನದ ದಿನ. ಆ ದಿನ ದ್ವೀಪದ ಫೋನುಗಳಿಗೆಲ್ಲ ನೆಟ್ ನಿಲ್ಲಿಸಿರುತ್ತಾರೆ. ಚಾವಡಿಯ ವೈಫೈ ಪೆಟ್ಟಿಗೆಯನ್ನು ಹಿಂದಿನ ಸಂಜೆಯೇ ಕಿತ್ತು ತನ್ನ ಮನೆಗೆ ಒಯ್ದವನು ಇದೇ ಪಾನ್ ತುಂಜುಂಗ್. ನಮ್ಮ ಬೆಟ್ಟದ ಮನೆಗಳಿಗೆ ಬೇರೆ ದಾರಿಯಲ್ಲಿ ನೆಟ್ ಬರುವುದಿಲ್ಲ.

ನೆಟ್ ಬಂದ ಗಳಿಗೆಯಲ್ಲೇ ಕೇರಿಯವರೆಲ್ಲ ಆ ಸಾಲು ಓದಿದ್ದರು. ಎದ್ದ ಕೂಡಲೇ ಕಣ್ಣಿಗೆ ಬಿದ್ದದ್ದರಿಂದ ಈಗಷ್ಟೇ ಬರೆದದ್ದೆಂದುಕೊಂಡು, ಆಗಲೇ ಸುವೇತನ ಮನೆಯ ಮುಂದೆ ನಿಂತು ಬೈಯತೊಡಗಿದ್ದರು. ಕೆಳಗಿನ ಒಂದು ಪದ ಓದುವಷ್ಟು ಪುರುಸೊತ್ತು ಸಿಟ್ಟಿಗೆ ಎಲ್ಲಿದೆ?

"ಹಾಗಾದರೆ ಸುವೇತ ಅಲ್ಲ," ಎಂದೆ. ಹೇಳಿದ ಮೇಲೆ ನನ್ನ ಎದೆಯೇ ಹಗುರಾಯಿತು. ಆ ಹುಡುಗನಿಗೆ ನಾಮಕರಣ ಮಾಡಿದವನು ನಾನು.

"ಅಲ್ಲ. ನಿನ್ನೆ ಅವನು ಮನೆಯಲ್ಲಿ ಒಣಗಿದ ಮೀನಿನ ಹಾಗೆ ಬಿದ್ದಿದ್ದ, ನಾನೇ ಬೇಲಿಯಿಂದ ನೋಡಿದೀನಿ. ನೆಟ್ ಇಲ್ಲದ ಫೋನನ್ನೇ ತಿಕ್ತಿದ್ದ ಪಾಪ. ಆದರೆ ಅಲ್ಲ ಅಂದರೆ ಸಭೆ ಕೇಳೋದಿಲ್ಲ, ಜೆರೊ. ಮತ್ಯಾರು ಅನ್ನುತ್ತೆ."

ಮತ್ಯಾರು ಎಂಬುದಕ್ಕೆ ಅವನು ದಾರಿಯಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದ. ಮೌನದ ದಿನವೂ ನೆಟ್ ಇರುವ ಮಾಡು ನಮ್ಮ ಸುತ್ತಿನಲ್ಲಿ ಒಂದೇ: ಬೆಟ್ಟದ ಬುಡದ ಸಣ್ಣ ಆಸ್ಪತ್ರೆ. ಕಾಯಿಲೆಗೆ ಮೌನವಿಲ್ಲವಲ್ಲ. ನಿನ್ನೆ ಕೇರಿಯಿಂದ ಅಲ್ಲಿಗೆ ಹೋದದ್ದು ಎರಡೇ ಮನೆಯವರು, ಎರಡೂ ಸಲ ಬೀದಿಯಲ್ಲಿ ದಾರಿ ಬಿಡಿಸಿ ಕರೆದೊಯ್ದವನು ಅವನೇ. ಒಂದು, ನ್ಯೋಮನ್ ಕರ್ತ, ಹೆರಿಗೆ ನೋವಿನ ಹೆಂಡತಿಯೊಂದಿಗೆ. ಇನ್ನೊಂದು, ಉಸಿರು ಕಟ್ಟಿದ ಅಜ್ಜಿಯೊಂದಿಗೆ ಹೋದ ಮೊಮ್ಮಗಳು ಲಾಸ್ತಿನಿ.

ಲಾಸ್ತಿನಿ ಸೆರುನಿಯ ಜೀವದ ಗೆಳತಿ. ಸೆರುನಿ ಅನ್ನ ಬಿಟ್ಟ ದಿನದಿಂದ ಅವಳ ಪಕ್ಕದಲ್ಲೇ ಮಲಗಿ ತಲೆ ಸವರುತ್ತಿದ್ದವಳು.

ನಾವಿಬ್ಬರೂ ಬೈಕು ಹತ್ತಿ ಆಸ್ಪತ್ರೆಯ ಕಡೆಗೆ ಬೆಟ್ಟ ಇಳಿದೆವು. ಮೌನದ ಮರುದಿನ ಮನೆಮನೆಗೆ ಹೋಗಿ ಕ್ಷಮೆ ಕೇಳುವುದು ನಮ್ಮ ವಾಡಿಕೆ. ಹೊಸ ಬಟ್ಟೆ ತೊಟ್ಟವರು, ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತವರು ಬೀದಿ ತುಂಬಿದ್ದರು. ಮನಸ್ಸಿನಲ್ಲಿ, ಮಾತಿನಲ್ಲಿ, ಕೈಯಲ್ಲಿ ತಪ್ಪಾಗಿದ್ದರೆ ಮನ್ನಿಸಿ ಎಂದು ನನ್ನನ್ನು ಕಂಡವರೆಲ್ಲ ಕೈ ಜೋಡಿಸಿದರು. ಬೆರಳಿನಲ್ಲಿ ತಪ್ಪಾಗಿದ್ದರೆ ಎಂದು ಹೇಳುವ ಮಂತ್ರವನ್ನು ಹಿರಿಯರು ಬರೆದಿಡಲಿಲ್ಲ. ಬೆರಳಿಗೂ ನಾಲಿಗೆ ಮೊಳೆಯುತ್ತದೆಂದು ಅವರಿಗೆ ಹೇಗೆ ತಿಳಿಯಬೇಕು.

ಆಸ್ಪತ್ರೆಯ ಮೆಟ್ಟಿಲಲ್ಲೇ ನ್ಯೋಮನ್ ಕರ್ತ ಸಿಕ್ಕಿದ. ಗಂಡು ಮಗು. ಅವನ ಕಾಲಲ್ಲಿ ನರ್ಸಮ್ಮನ ಗುಲಾಬಿ ಬಣ್ಣದ ಚಪ್ಪಲಿ ಇತ್ತು. ನಿನ್ನೆ ಗಾಬರಿಯಲ್ಲಿ ಬರಿಗಾಲಲ್ಲಿ ಬಂದಿದ್ದನಂತೆ, ನರ್ಸಮ್ಮ ಕನಿಕರಪಟ್ಟು ಕೊಟ್ಟಿದ್ದಳಂತೆ. ಫೋನು ಎಲ್ಲಿ ಎಂದರೆ ಅದೂ ಮನೆಯಲ್ಲೇ. ಮಗು ಹುಟ್ಟಿದ್ದನ್ನು ಅತ್ತೆಗೆ ತಿಳಿಸಲು ಪಾನ್ ತುಂಜುಂಗನ ಫೋನನ್ನೇ ಕೇಳಿ ಇಸಿದುಕೊಂಡ. ಅತ್ತ ಅತ್ತೆ ಎತ್ತಿದ ಫೋನು ಅಳಿಯನದ್ದೇ.

ಪಾನ್ ತುಂಜುಂಗ್ ನನ್ನ ಮುಖ ನೋಡಿದ. ಉಳಿದವಳು ಒಬ್ಬಳೇ.

ಅವಳು ಒಳಗೆ, ಸಾಲು ಮಂಚಗಳ ಕೊನೆಯಲ್ಲಿದ್ದಳು. ಅಜ್ಜಿ ಮೂಗಿಗೆ ನಳಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದ್ದಳು. ಲಾಸ್ತಿನಿ ಮಂಚದ ಪಕ್ಕದ ಗೋಡೆಗೆ, ಮಿಣುಕುವ ವೈಫೈ ಪೆಟ್ಟಿಗೆಯ ಕೆಳಗೇ, ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಗಂಜಿಯ ಡಬ್ಬಿ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಹೆಬ್ಬೆರಳು ಓಡುತ್ತಿತ್ತು. ನಮ್ಮನ್ನು ಕಂಡು ಫೋನನ್ನು ಬೋರಲು ಹಾಕಿ ಕೈ ಮುಗಿದಳು.

ಪಾನ್ ತುಂಜುಂಗ್ ಅವಳೆದುರು ನೆಲದ ಮೇಲೇ ಕೂತ. ಫೋನಿನ ಕಡೆ ನೋಡಲೂ ಇಲ್ಲ. ಅಜ್ಜಿಯ ಉಸಿರು ಹೇಗಿದೆ ಎಂದು ಕೇಳಿದ, ಗಂಜಿ ಆರುತ್ತಿದೆಯಲ್ಲ ಎಂದ. ಅವಳು ಎದ್ದು ಅಜ್ಜಿಗೆ ನಾಲ್ಕು ಚಮಚ ಕುಡಿಸುವವರೆಗೆ ಕಾದ.

"ನಿನ್ನೆ ರಾತ್ರಿ ತುಂಬ ಕಷ್ಟ ಆಯ್ತಾ, ಲುಹ್?" ಎಂದ. ಮನೆಯ ಹೆಣ್ಣುಮಕ್ಕಳನ್ನು ಕರೆಯುವ ಹಾಗೆಯೇ ಕರೆದ.

ಹುಡುಗಿ ತಲೆಯಾಡಿಸಿ, ರಾತ್ರಿಯಿಡೀ ಅಜ್ಜಿಯ ಕಾಲು ಒತ್ತುತ್ತಿದ್ದೆ ಎಂದಳು. ನಿದ್ದೆಯಲ್ಲಿದ್ದಾಳೆಂದು ನಾವು ತಿಳಿದಿದ್ದ ಅಜ್ಜಿ ಕಣ್ಣು ಬಿಡದೆಯೇ ಮಾತಾಡಿದಳು.

"ಒತ್ತಿದ್ಲು ಮಗಾ, ಸುಳ್ಳಲ್ಲ. ಒಂದು ಕೈಯಲ್ಲಿ. ಇನ್ನೊಂದು ಕೈ ಏನ್ ಮಾಡ್ತಿತ್ತೋ ಆ ದೇವರಿಗೇ ಗೊತ್ತು."

ಬೇರೆ ದಿನವಾಗಿದ್ದರೆ ನಗುತ್ತಿದ್ದೆವು.

ಪಾನ್ ತುಂಜುಂಗ್ ತನ್ನ ಫೋನು ತೆಗೆದು ಆ ಸಾಲನ್ನು ಅವಳ ಮುಂದೆ ಹಿಡಿದ. ಕೆಳಗಿನ 'ನಿನ್ನೆ'ಯ ಮೇಲೆ ಉಗುರಿಟ್ಟ. ನಿನ್ನೆ ಈ ಮಾಡಿನ ಕೆಳಗಿದ್ದ ನಮ್ಮ ಕೇರಿಯವರು ಯಾರ್ಯಾರು, ಯಾರ ಕೈಯಲ್ಲಿ ಫೋನು ಇತ್ತು ಎಂಬುದನ್ನು ದನಿಯೇರಿಸದೆ ಹೇಳಿದ. ಹುಡುಗಿಯ ಮುಖ ಬಿಳುಚಿತು. ಆದರೆ ಬುದ್ಧಿ ಚುರುಕು. ಹಿರಿಯರನ್ನು ಕರೆಯುವಂತೆ 'ಪಾಕ್' ಎಂದೇ ಕರೆದು ತಿರುಗುತ್ತರ ಕೊಟ್ಟಳು.

"ಮೊದಲೇ ಬರೆದು, ಇಂಥಾ ಹೊತ್ತಿಗೆ ಹೋಗು ಅಂತ ಇಟ್ಟುಬಿಡಬಹುದು, ಪಾಕ್. ನಿಮಗೆ ಇದೆಲ್ಲ ಗೊತ್ತಾಗಲ್ಲ. ಸುವೇತ ಹಾಗೆ ಮಾಡಿರ್ತಾನೆ."

"ಹೌದಂತೆ. ನಮ್ಮ ತುಂಜುಂಗೂ ಹಾಗೇ ಹೇಳಿದ್ಲು." ಅವನು ಬೆರಳಿನಿಂದ ತೆರೆಯನ್ನು ಇಷ್ಟೇ ಇಷ್ಟು ಮೇಲೆ ಸರಿಸಿದ. "ಕಡಲಾಚೆ ಸುರಬಾಯಾದವನು ಯಾವನೋ ಕೇಳಿದಾನೆ ನೋಡು, ಇವಳು ಇನ್ನೂ ಮನೆಯೊಳಗೇ ಇದಾಳಾ ಅಂತ. ಅವರಿಗೆ ಮೌನ ಇಲ್ಲವಲ್ಲ. ಕೇಳಿದ ಕೂಡಲೇ ಇಲ್ಲಿಂದ ಉತ್ತರ ಹೋಗಿದೆ. ಕೇಳದ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡೋಕಾಗುತ್ತಾ, ಲುಹ್?"

ವೈಫೈ ಪೆಟ್ಟಿಗೆಯ ಹಸಿರು ದೀಪ ಅವಳ ತಲೆಯ ಮೇಲೆ ಮಿಣುಕುತ್ತಿತ್ತು.

ಮೌನದ ದಿನ ನಾವು ದೀಪ ಹಚ್ಚದೆ ಕೂರುವುದು ಯಾಕೆಂದು ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ಮೇಲೆ ಹಾರುವ ದುಷ್ಟ ಶಕ್ತಿಗಳು ಈ ದ್ವೀಪ ಖಾಲಿ ಎಂದುಕೊಂಡು ದಾಟಿ ಹೋಗಬೇಕು. ಇಡೀ ದ್ವೀಪ ಕತ್ತಲಾಗಿ ಕೂತಿದ್ದ ಆ ರಾತ್ರಿ ಅಂಗೈಯಗಲದ ಒಂದು ಕಿಟಕಿ ಮಾತ್ರ ಬೆಳಗುತ್ತಿತ್ತು. ತನ್ನ ಕೈಯಲ್ಲಿ ನೆಟ್ ಇದ್ದುದರಿಂದ ಕೇರಿಯಲ್ಲಿ ಬೇರೆ ಯಾರಿಗೂ ಇಲ್ಲವೆಂಬುದನ್ನು ಆ ಮಗು ಮರೆತಿತ್ತು.

"ನಾನು ನಿಲ್ಲಿಸಬೇಕು ಅಂತಲೇ ಇದ್ದೆ," ಎಂದಳು ಕೊನೆಗೆ. "ಪ್ರತಿ ಸಲ ಅಂದ್ಕೋತಿದ್ದೆ. ಬೆರಳು ಮೊದಲು ಹೋಗಿಬಿಡ್ತಿತ್ತು. ನಾನು ಆಮೇಲೆ ಹೋಗ್ತಿದ್ದೆ."

ಉಳಿದದ್ದನ್ನು ಅಳುತ್ತಾ, ತಡೆದು ತಡೆದು ಹೇಳಿದಳು. ಕುಣಿತದ ಮುಂದಾಳು ತಾನಾಗಬೇಕೆಂದಿದ್ದಳಂತೆ. ಗುರುಗಳು ಸೆರುನಿಯನ್ನು ಆರಿಸಿದರು. ಸುವೇತ ತುಣುಕು ತೆಗೆದುಹಾಕುವ ಮೊದಲು ಅದನ್ನು ಎತ್ತಿಕೊಂಡದ್ದು ಬರಿಯ ತಮಾಷೆಗೆ. ಒಂದು ಸಾಲು ಬರೆದಳು. ಗುರುತಿಲ್ಲದವರೆಲ್ಲ ಬಂದು ನಕ್ಕರು, ಬೆನ್ನು ತಟ್ಟಿದರು, ಇನ್ನೂ ಹಾಕು ಎಂದರು. ಶಾಲೆಯಲ್ಲಿ ಯಾರೂ ತಿರುಗಿ ನೋಡದ ಹುಡುಗಿಯ ಮಾತಿಗೆ ಇಡೀ ಊರು ಕಾದು ಕೂರತೊಡಗಿತು. ರಾತ್ರಿ ಸೆರುನಿಯ ಪಕ್ಕದಲ್ಲಿ ಮಲಗಿ ಅವಳ ತಲೆ ಸವರುವಾಗ ನಿಜವಾಗಿಯೂ ಅಳು ಬರುತ್ತಿತ್ತು, ಅವಳು ನಿದ್ದೆ ಹೋದ ಮೇಲೆ ಲೈಕ್ ಎಷ್ಟು ಬಂದಿದೆ ಎಂದು ನೋಡದೆ ತನಗೆ ನಿದ್ದೆ ಬರುತ್ತಿರಲಿಲ್ಲ ಎಂದಳು. ಎರಡೂ ನಿಜ, ಜೆರೊ, ಎಂದು ನನ್ನ ಕಡೆ ತಿರುಗಿ ಹೇಳಿದಳು. ನಾನು ನಂಬಿದೆ.

ಸೆರುನಿಯ ಫೋನು ಎಲ್ಲಿ ಎಂದು ಪಾನ್ ತುಂಜುಂಗ್ ಕೇಳಿದ.

ಅವಳು ಕಣ್ಣು ಒರೆಸಿಕೊಂಡು ನೇರವಾಗಿ ನೋಡಿದಳು. ಅದು ತನಗೆ ಗೊತ್ತಿಲ್ಲ, ತಾನು ಮುಟ್ಟಿಲ್ಲ ಎಂದಳು. ಪಟಗಳು ಗುರುತಿಲ್ಲದ ಒಂದು ನಂಬರಿನಿಂದ ಬರುತ್ತಿದ್ದವಂತೆ. 'ಇದನ್ನೂ ಹಾಕು' ಎಂದಷ್ಟೇ ಇರುತ್ತಿತ್ತಂತೆ. ಸುವೇತನೇ ಕದ್ದು ಕಳಿಸುತ್ತಿದ್ದಾನೆಂದು ಅವಳು ತಿಳಿದಿದ್ದಳು. ಆ ನಂಬರನ್ನು ತೋರಿಸಿದಳು. ಪಾನ್ ತುಂಜುಂಗ್ ಕರೆ ಮಾಡಿ ನೋಡಿದ. ಆ ನಂಬರು ಬಳಕೆಯಲ್ಲಿಲ್ಲ ಎಂದು ಯಂತ್ರದ ಹೆಂಗಸು ಹೇಳಿದಳು.

ಅವನು ಹುಬ್ಬು ಗಂಟಿಕ್ಕಿದ. ಆದರೆ ಆ ಗಂಟನ್ನು ಆಗ ಬಿಚ್ಚಲು ಹೋಗಲಿಲ್ಲ.

"ಪೊಲೀಸರಿಗೆ ಕೊಡ್ತೀರಾ?" ಎಂದು ಹುಡುಗಿ ಕೇಳಿದಳು.

"ಇಳಿಹೊತ್ತಿಗೆ ಕೊರಡು ಬಾರಿಸ್ತಾರೆ. ಸುವೇತನ ಹೆಸರು ಹೊಡೀತಾರೆ. ಅದಕ್ಕೆ ಮೊದಲು ನೀನೇ ಬಂದು ಹೇಳಿದ್ರೆ ಅದು ನಿನ್ನ ಮಾತು. ನಾನು ಹೇಳಿದ್ರೆ ಅದು ನಿನ್ನ ಮೇಲಿನ ದೂರು. ಅಷ್ಟೇ ವ್ಯತ್ಯಾಸ."

ಅಜ್ಜಿ ಕೈ ಚಾಚಿ ಮೊಮ್ಮಗಳ ಜುಟ್ಟು ಹುಡುಕಿ ಹಿಡಿದುಕೊಂಡಳು. ಎಳೆಯಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದಳು. "ಹೋಗು," ಎಂದಳು. "ನಂದೇನು, ಉಸಿರಾಡ್ತಿರ್ತೀನಿ."

ನಾವು ಎದ್ದಾಗ ಲಾಸ್ತಿನಿ ಫೋನನ್ನು ಆರಿಸಿ, ತಾನಾಗಿಯೇ ಪಾನ್ ತುಂಜುಂಗನ ಮುಂದೆ ಹಿಡಿದಳು. "ಇದು ನಿಮ್ಮ ಹತ್ರ ಇರಲಿ, ಪಾಕ್. ನನ್ನ ಹತ್ರ ಇದ್ರೆ ಮತ್ತೆ ಹೋಗುತ್ತೆ." ಅದು ಕೈಬಿಟ್ಟ ಗಳಿಗೆಯಲ್ಲಿ ಅವಳ ಹೆಗಲು ಇಳಿಯಿತು. ನೀರು ತುಂಬಿದ ಕೊಡವನ್ನು ದಾರಿಯಲ್ಲಿ ಯಾರೋ ಇಳಿಸಿಕೊಂಡರೆ ಹಾಗೆ ಇಳಿಯುತ್ತದೆ.

ಬೆಟ್ಟದ ಮೇಲಿನ ಮಳೆ ಇಳಿಹೊತ್ತಿಗೂ ಬರಲಿಲ್ಲ. ಬಿಸಿಲು ಹೊಂಬಣ್ಣಕ್ಕೆ ತಿರುಗಿತ್ತು. ಚಾವಡಿಯ ಕಂಬಕ್ಕೊಬ್ಬರಂತೆ ಕಾವಲಿನವರು ನಿಂತಿದ್ದರು, ನಡುವೆ ಕೇರಿಯ ಗಂಡಸರು ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಹೆಂಗಸರು ಮೆಟ್ಟಿಲ ಮೇಲಿದ್ದರು. ಸುವೇತ ಒಂದು ಮೂಲೆಯಲ್ಲಿ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದ. ಅವನ ಅಪ್ಪ ಪಾನ್ ಸುವೇತ ಇನ್ನೊಂದು ಮೂಲೆಯಲ್ಲಿದ್ದ. ಮಗನ ಮುಖ ನೋಡುವುದನ್ನು ಅವನು ಬಿಟ್ಟು ವಾರ ಕಳೆದಿತ್ತು.

ಕೊರಡಿನ ಸದ್ದು ನಿಂತಿತು. ಕೇರಿಯ ಯಜಮಾನ ಮಾತು ಎತ್ತುವ ಮೊದಲು ಮೆಟ್ಟಿಲ ಮೇಲಿನ ಹೆಂಗಸರ ನಡುವಿನಿಂದ ಲಾಸ್ತಿನಿ ಎದ್ದು ಬಂದಳು. ಚಾವಡಿಯ ನಡುವೆ ಮಂಡಿಯೂರಿ, ಕೈ ಮುಗಿದು, ನೆಲ ನೋಡುತ್ತಾ ಹೇಳಿದಳು. ಉದ್ದಕ್ಕೆ ಹೇಳಲಿಲ್ಲ. ಖಾತೆ ತನ್ನದು, ಸಾಲುಗಳು ತನ್ನವು, ಗುಡಿಯ ವಿಷಯ ಬರೆದದ್ದು ಸುಳ್ಳು, ಸುವೇತನಿಗೆ ಇದರಲ್ಲಿ ಏನೂ ಇಲ್ಲ ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದ ಮಾತನ್ನು ಹುಡುಕಿಕೊಂಡು ಹೋಗಿ, ಎಲ್ಲರೆದುರು ಹಿಡಿದು ತಂದ ಮಗುವನ್ನು ನಾನು ಆ ದಿನ ಕಂಡೆ.

ಅಷ್ಟರಲ್ಲಿ ಸುವೇತ ಎದ್ದು ನಿಂತ. ಯಾರೂ ಕೇಳಿರಲಿಲ್ಲ.

"ಏನೂ ಇಲ್ಲ ಅನ್ನೋದು ಸುಳ್ಳು," ಎಂದ. "ಮೊದಲು ಹಾಕಿದ್ದು ನಾನೇ. ಅಳಿಸಿದ್ರೆ ಹೋಗುತ್ತೆ ಅಂದ್ಕೊಂಡಿದ್ದೆ."

ಅವನ ಅಪ್ಪ ಎದ್ದು ಬಂದ. ಹೊಡೆಯುತ್ತಾನೆಂದೇ ನಾವೆಲ್ಲ ಅಂದುಕೊಂಡೆವು. ಪಾನ್ ಸುವೇತ ನನ್ನ ಮುಂದಿದ್ದ ಪೂಜೆಯ ತಟ್ಟೆಯಿಂದ ಒಂದು ದೇವಕಣಗಿಲೆ ಹೂವೆತ್ತಿ, ಪ್ರಾರ್ಥನೆ ಮುಗಿದವರಿಗೆ ಮುಡಿಸುವ ಹಾಗೆ, ಮಗನ ಕಿವಿಯ ಸಂದಿಗೆ ಸಿಕ್ಕಿಸಿದ. ಹೂವು ಎರಡು ಸಲ ಜಾರಿತು. ಮೂರನೆಯ ಸಲ ಹುಡುಗನೇ ಅಪ್ಪನ ಕೈ ಹಿಡಿದು ಸಿಕ್ಕಿಸಿಕೊಂಡ.

ಯಜಮಾನ ಕೇರಿಯ ಹೆಸರುಗಳ ಪಟ್ಟಿಯನ್ನು ಮಡಿಸಿಟ್ಟ. ಹೆಸರು ಉಳಿಯಿತು. ಮೆಟ್ಟಿಲ ಮೇಲೆ ಯಾರೋ ಮೂಗು ಒರೆಸಿಕೊಂಡರು, ಯಾರೋ ನಕ್ಕರು, ಚಾವಡಿ ಉಸಿರಾಡಿತು.

ಸೆರುನಿ ಬಂದಿದ್ದಳೆಂದು ನಮಗೆ ತಿಳಿದದ್ದು ಆಗಲೇ. ತಾಯಿಯ ಬೆನ್ನ ಹಿಂದೆ, ಹೊರಗಿನ ಕಂಬ ಹಿಡಿದು ನಿಂತಿದ್ದಳು. ಮೂಳೆಗೆ ಬಟ್ಟೆ ಸುತ್ತಿದ ಹಾಗಿದ್ದಳು. ನಿಧಾನವಾಗಿ ಬಂದು ಗೆಳತಿಯ ಎದುರು ನಿಂತಳು. ಲಾಸ್ತಿನಿ ತಲೆ ಎತ್ತಲಿಲ್ಲ.

"ರಾತ್ರಿ ನನ್ನ ಪಕ್ಕ ಮಲಗಿ ಅಳ್ತಿದ್ದೆಯಲ್ಲ," ಎಂದಳು ಸೆರುನಿ. "ಅದು ಯಾರು?"

"ಅದೂ ನಾನೇ."

ಸೆರುನಿ ಮನ್ನಿಸಿದೆ ಎನ್ನಲಿಲ್ಲ. ವಾಡಿಕೆಯ ದಿನವೆಂದು ಹಾಗೆನ್ನಲೇಬೇಕೆಂದು ನಾವ್ಯಾರೂ ಒತ್ತಾಯಿಸಲಿಲ್ಲ. "ಇವತ್ತು ಆಗಲ್ಲ," ಎಂದಷ್ಟೇ ಹೇಳಿ ನನ್ನ ಪಕ್ಕಕ್ಕೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ನನ್ನ ತಟ್ಟೆಯ ಕಡೆ ನೋಡಿದಳು. ಹೂವಿನ ಪಕ್ಕ 'ಜಾಜ' ಎಂಬ ಅಕ್ಕಿಯ ಸಿಹಿ ಉಂಡೆಗಳಿದ್ದವು.

"ಜೆರೊ, ಇದು ದೇವರಿಗೆ ಆಯ್ತಾ?"

ಆಯಿತು, ಎಂದೆ. ದೇವರಿಗೆ ಇನ್ನೂ ಆಗಿರಲಿಲ್ಲ. ದೇವರು ಅದನ್ನು ಲೆಕ್ಕಕ್ಕೆ ಹಿಡಿಯಲಾರ.

ಅವಳು ಒಂದು ಉಂಡೆ ತೆಗೆದುಕೊಂಡು, ಮುರಿದು, ಬಾಯಿಗೆ ಹಾಕಿಕೊಂಡಳು. ಅಗಿದಳು, ನುಂಗಿದಳು. ಪಾನ್ ತುಂಜುಂಗ್ ಆ ಕಡೆ ತಿರುಗಿ ಮೀಸೆ ಒರೆಸಿಕೊಳ್ಳುವ ಹಾಗೆ ಮಾಡಿ ಕಣ್ಣು ಒರೆಸಿಕೊಂಡ. ಅವಳು ಇನ್ನೊಂದು ಉಂಡೆಗೆ ಕೈ ಚಾಚಿದಾಗ, ಇವತ್ತಿಗೆ ಇಷ್ಟು ಸಾಕು ದೇವರೇ ಎಂದು ನಾನು ಒಳಗೊಳಗೇ ಕೈ ಮುಗಿದೆ.

ಸಾಕಾಗಿರಲಿಲ್ಲ.

ಜನ ಕರಗುತ್ತಿದ್ದಂತೆ ಮೆನ್ ಸೆರುನಿ, ಅಂದರೆ ಸೆರುನಿಯ ತಾಯಿ, ಮೆಟ್ಟಿಲು ಹತ್ತಿ ಬಂದಳು. ಗಂಡ ದೂರದ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಾನೆ. ಮನೆ ಮಗಳು ಎಲ್ಲ ಅವಳೊಬ್ಬಳ ಮೇಲೆ. ಮೊದಲು ಪಾನ್ ಸುವೇತನ ಎದುರು ನಿಂತಳು.

"ನಿಮ್ಮ ಹುಡುಗ ಕದ್ದಿರಲಿಲ್ಲ," ಎಂದಳು. "ಫೋನ್ ನನ್ನ ಹತ್ರ ಇತ್ತು."

ಹುಡುಗಿ ಫೋನು ಹಿಡಿದು ಬೆಳಕು ಹರಿಯುವವರೆಗೆ ಅಳುತ್ತಾ ಕೂರುತ್ತಿದ್ದಳಂತೆ. ಅದಕ್ಕೇ ತಾಯಿ ಅದನ್ನು ಬಚ್ಚಿಟ್ಟು ಕಳೆದುಹೋಯಿತೆಂದಳು. ಬಚ್ಚಿಟ್ಟದ್ದು ಅಕ್ಕಿಯ ಹರವಿಯಲ್ಲಿ. ಮನೆಯ ಯಜಮಾನಿಯಲ್ಲದೆ ಬೇರೆ ಕೈ ಅದರೊಳಗೆ ಹೋಗುವುದು ನಮ್ಮಲ್ಲಿ ನಿಷಿದ್ಧ, ಅಕ್ಕಿಯ ದೇವತೆ ಶ್ರೀದೇವಿ ಮುನಿಯುತ್ತಾಳೆ. ಎರಡು ದಿನ ಬಿಟ್ಟು ಕೊಟ್ಟರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ಪಟಗಳು ಹೊರಬಿದ್ದವು. ಫೋನು ತನ್ನ ಹರವಿಯಲ್ಲಿದೆ, ಪಟ ಹೊರಗಿದೆ. ಸುವೇತ ಮೊದಲೇ ಕದ್ದಿಟ್ಟುಕೊಂಡಿರಬೇಕೆಂದು ನಂಬಿದಳು. ಬಾಯಿ ಬಿಟ್ಟರೆ ತಾಯಿಯೇ ಹಾಕಿದ್ದು ಎನ್ನುತ್ತಾರೆಂದು ಹೆದರಿದಳು.

ಪಾನ್ ಸುವೇತ ತಲೆಯಾಡಿಸಿದ. ಇಂದು ಮನ್ನಿಸುವ ದಿನ ಎಂದಷ್ಟೇ ಹೇಳಿದ.

ಅವಳು ಮಡಿಲಿನಿಂದ ಒಂದು ಸಣ್ಣ ಗಂಟು ತೆಗೆದು, ಬಿಚ್ಚಿ, ಒಳಗಿದ್ದ ಫೋನನ್ನು ಮಗಳ ತೊಡೆಯ ಮೇಲಿಟ್ಟಳು. ಅದರ ಗಾಜಿನ ಮೇಲೆ ಎರಡು ಅಕ್ಕಿಕಾಳು ಅಂಟಿದ್ದವು. ಸೆರುನಿ ಫೋನನ್ನು ಹೊತ್ತಿಸಲಿಲ್ಲ. ಅಕ್ಕಿಕಾಳುಗಳನ್ನು ಮಾತ್ರ ಬಿಡಿಸಿ ನನ್ನ ತಟ್ಟೆಗೆ ಹಾಕಿದಳು.

ತಾಯಿಯ ಕೈಯಲ್ಲಿ ಗಂಟಿನ ಬಟ್ಟೆ ಉಳಿಯಿತು.

"ನಾನು ಸುತ್ತಿಟ್ಟಿದ್ದು ಬಿಳಿ ಬಟ್ಟೆಯಲ್ಲಿ, ಜೆರೊ," ಎಂದಳು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. ಆದರೆ ಪಾನ್ ತುಂಜುಂಗ್ ನನ್ನ ಪಕ್ಕದಲ್ಲೇ ನಿಂತಿದ್ದ. "ಮೊನ್ನೆ ಸಂಜೆ ಅಕ್ಕಿ ತೆಗೆಯುವಾಗ ಬಿಳಿ ಬಟ್ಟೆಯಲ್ಲೇ ಇತ್ತು. ನಿನ್ನೆ ಒಲೆ ಹಚ್ಚಲಿಲ್ಲ, ನಾನು ಅಡುಗೆಮನೆ ಕಡೆ ಹೋಗಲೇ ಇಲ್ಲ. ಇವತ್ತು ಬೆಳಗ್ಗೆ ಕೈ ಹಾಕಿದ್ರೆ ಇದು ಸಿಕ್ಕಿತು."

ಕಪ್ಪು-ಬಿಳುಪು ಚೌಕಳಿ. ಒಂದು ಕಡೆ ಹರಿದ ಅಂಚು. ಇನ್ನೊಂದು ಕಡೆ ಬೆರಳಗಲದ ಕೆಂಪು ಪಟ್ಟಿ.

ನಿನ್ನೆ ನಮ್ಮ ಕೇರಿಯಲ್ಲಿ ದೀಪವಿರಲಿಲ್ಲ. ಆಸ್ಪತ್ರೆಗೆ ಹೋದ ಎರಡು ಮನೆಯವರನ್ನು ಬಿಟ್ಟರೆ ಹೊಸಿಲು ದಾಟಿದವರಿರಲಿಲ್ಲ. ಹರವಿಯ ಫೋನಿನಿಂದ ಪಟ ಕದಿಯುತ್ತಿದ್ದ ಕೈ ನಿನ್ನೆಯೂ ಬಂದು, ಕತ್ತಲಲ್ಲಿ ಬಿಳಿ ಬಟ್ಟೆ ಸಿಗದೆ, ಸೊಂಟದ್ದನ್ನೇ ಹರಿದು ಸುತ್ತಿಟ್ಟಿರಬೇಕು. ಕತ್ತಲಲ್ಲಿ ಬೀದಿ ತಿರುಗುವ ಅಪ್ಪಣೆ ಇದ್ದದ್ದು ಕಾವಲಿನ ಕೆಲವೇ ಕಾಲುಗಳಿಗೆ. ಆ ಕೆಲವರು ಆಗಲೂ ಚಾವಡಿಯ ಕಂಬಗಳಿಗೆ ಒರಗಿ, ಮಾತಾಡಿಕೊಂಡು, ನಗುತ್ತಾ ನಿಂತಿದ್ದರು.

ಪಾನ್ ತುಂಜುಂಗನ ಕೈ ತನಗರಿವಿಲ್ಲದೆ ತನ್ನ ಸೊಂಟಕ್ಕೆ ಹೋಯಿತು. ಅವನದು ಹರಿದಿರಲಿಲ್ಲ.

ಮೆನ್ ಸೆರುನಿ ಆ ತುಂಡನ್ನು ನಾಲ್ಕು ಮಡಿಕೆ ಮಡಿಸಿದಳು. ಮಡಿಸಿ, ಅವನ ಬಲ ಅಂಗೈಯನ್ನು ತಾನೇ ಬಿಡಿಸಿ, ಅದರಲ್ಲಿಟ್ಟಳು.

"ಇದು ನಮ್ಮ ಮನೇದಲ್ಲ, ಪಾಕ್," ಎಂದಳು. "ನಿಮ್ಮವರದ್ದು. ತಗೊಳ್ಳಿ."